ಸಂಧಿವಾತದ ಮಾತ್ರೆಯೂ ಚರ್ಮದ ಬಣ್ಣವೂ

ಕೀಲುನೋವಿಗೆ ವರ್ಷಗಟ್ಟಲೆ ಮಾತ್ರೆ ತೆಗೆದುಕೊಳ್ಳುವ ಕೆಲವರ ಚರ್ಮ ಅಲ್ಲಲ್ಲಿ ಕಪ್ಪಾಗುತ್ತದೆ. ಅದನ್ನು ಕಂಡು ಹೆದರಿ ಮಾತ್ರೆಯನ್ನೇ ನಿಲ್ಲಿಸಿಬಿಡುವವರು ನಮ್ಮ ನಡುವೆ ಇದ್ದಾರೆ. ಬಣ್ಣ ಏಕೆ ಬದಲಾಗುತ್ತದೆ, ಆಗ ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಮನೆಗಳಲ್ಲಿ ಎಲ್ಲ ಕೀಲುನೋವಿಗೂ ‘ಗಠಿಯಾ’ ಎನ್ನುತ್ತಾರೆ. ಆದರೆ ವಯಸ್ಸಾದಂತೆ ಮೊಣಕಾಲು ಸವೆಯುವುದೇ ಬೇರೆ, ರುಮಟಾಯ್ಡ್ ಸಂಧಿವಾತವೇ ಬೇರೆ. ಇದರಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಬೆರಳು, ಮಣಿಕಟ್ಟು ಊದಿಕೊಳ್ಳುತ್ತವೆ. ಬೆಳಿಗ್ಗೆ ಎದ್ದಾಗ ಕೈ ಬಿಗಿದಿರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು-ಮೂರು ಪಟ್ಟು ಹೆಚ್ಚು. ಚಿಕಿತ್ಸೆ ತಪ್ಪಿದರೆ ಕೀಲು ಸೊಟ್ಟಗಾಗುತ್ತದೆ. ಹಾಗೆ ಹಾಳಾದ ಕೀಲು ಮೊದಲಿನಂತೆ ಆಗುವುದಿಲ್ಲ.

ಈ ರೋಗಕ್ಕೆ ಕೊಡುವ ಔಷಧಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಒಂದು. 2020ರಲ್ಲಿ ಕೋವಿಡ್ ಸಮಯದಲ್ಲಿ ಎಲ್ಲರ ಬಾಯಲ್ಲಿದ್ದ ಹೆಸರು ಇದೇ. ಮೂಲದಲ್ಲಿ ಇದು ಮಲೇರಿಯಾ ಔಷಧ. ನಮ್ಮ ಕಾಡಿನ ಸೀಮೆಯೂ ಹಿಂದೆ ಮಲೇರಿಯಾದಿಂದ ನರಳಿದ್ದೇ. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಮಲೇರಿಯಾ ಬಾರದಿರಲೆಂದು ಮೆಪಾಕ್ರಿನ್ ಎಂಬ ಮಾತ್ರೆ ಕೊಡುತ್ತಿದ್ದರು. ಅದರಿಂದ ಅವರ ಚರ್ಮ ಹಳದಿಯಾಗುತ್ತಿತ್ತು. 1951ರಲ್ಲಿ ಪೇಜ್ ಎಂಬ ವೈದ್ಯರು ಅದೇ ಮಾತ್ರೆಯಿಂದ ಲೂಪಸ್ ರೋಗಿಗಳಿಗೆ ಗುಣ ಕಂಡಿತೆಂದು ವರದಿ ಮಾಡಿದರು. ಅದೇ ಜಾತಿಯ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ 1955ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಂದರೆ ಮಾತ್ರೆಯಿಂದ ಚರ್ಮದ ಬಣ್ಣ ಬದಲಾಗುವುದು ವೈದ್ಯರಿಗೆ ಹೊಸ ವಿಷಯವೇ ಅಲ್ಲ.

ಈ ಮಾತ್ರೆಯಿಂದ ಬರುವ ಕಲೆ ಬೂದು, ನೀಲಿ ಅಥವಾ ಕಪ್ಪು ಬಣ್ಣದ್ದು. ಹೆಚ್ಚಾಗಿ ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ, ಕೆಲವರಿಗೆ ಮುಖ, ಮುಂಗೈ, ಬಾಯೊಳಗಿನ ಅಂಗುಳ, ಉಗುರಿನಲ್ಲಿ ಕಾಣುತ್ತದೆ. ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದ ಜಾಗದಲ್ಲಿ ಇದು ಬೇಗ ಮೂಡುತ್ತದೆ. ಹೀಗಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚು. ಅಂಥ ಚರ್ಮವನ್ನು ಪರೀಕ್ಷಿಸಿದಾಗ ಅದರಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ಮತ್ತು ರಕ್ತದ ಕಬ್ಬಿಣದ ಅಂಶ ಸಿಕ್ಕಿವೆ. ಈ ಕಲೆಯಿಂದ ನೋವಿಲ್ಲ, ಇದು ಯಾರಿಗೂ ಅಂಟುವುದಿಲ್ಲ. ಮಾತ್ರೆ ಬಿಟ್ಟ ಮೇಲೆ ತಿಂಗಳುಗಳಲ್ಲಿ ತಿಳಿಯಾಗಬಹುದು, ಕೆಲವರಿಗೆ ಪೂರ್ತಿ ಹೋಗದೆಯೂ ಇರಬಹುದು.

ಹಳಿಯಾಳದಲ್ಲಿರುವ ನನ್ನ ಖಾಲಾಗೆ ಹೀಗೇ ಆಯಿತು. ವಝೂ ಮಾಡುವಾಗ ಕಾಲಿನ ಮೇಲೆ ಕಪ್ಪು ಕಲೆ ಕಂಡಿತು. ನೆರೆಯವರೊಬ್ಬರು ‘ಕುಷ್ಠ ಇರಬಹುದು’ ಎಂದರು. ಮನೆಯಲ್ಲಿ ಮಗಳ ಮದುವೆಯ ಮಾತು ನಡೆಯುತ್ತಿತ್ತು. ಖಾಲಾ ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಎರಡು ತಿಂಗಳಲ್ಲಿ ಬೆರಳುಗಳು ಊದಿ, ರೊಟ್ಟಿ ತಟ್ಟಲೂ ಆಗದಂತಾಯಿತು. ಹುಬ್ಬಳ್ಳಿಯ ವೈದ್ಯರು ಕಲೆ ನೋಡಿ, ‘ಇದು ಮಾತ್ರೆಯ ಬಣ್ಣ, ರೋಗವಲ್ಲ’ ಎಂದು ಮಾತ್ರೆಯ ಪ್ರಮಾಣ ಬದಲಿಸಿ ಕೊಟ್ಟರು. ಕಲೆ ಈಗಲೂ ಇದೆ. ರೊಟ್ಟಿಯನ್ನೂ ತಟ್ಟುತ್ತಿದ್ದಾರೆ.

ಎಲ್ಲ ಬಣ್ಣವೂ ಒಂದೇ ಅಲ್ಲ ಎಂಬುದೂ ನೆನಪಿರಲಿ. ಸಲ್ಫಾಸಲಜಿನ್ ತೆಗೆದುಕೊಂಡರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಬಹುದು, ಗಾಬರಿ ಬೇಡ. ಸ್ಟಿರಾಯ್ಡ್‌ನಿಂದ ಚರ್ಮ ತೆಳುವಾಗಿ ಸಣ್ಣ ಪೆಟ್ಟಿಗೂ ನೀಲಿಗಟ್ಟುತ್ತದೆ. ಆದರೆ ಮೆಥೋಟ್ರೆಕ್ಸೇಟ್ ಅಥವಾ ಲೆಫ್ಲುನೊಮೈಡ್ ತೆಗೆದುಕೊಳ್ಳುವವರ ಕಣ್ಣಿನ ಬಿಳಿಭಾಗ ಹಳದಿಯಾದರೆ ಅದು ಯಕೃತ್ತಿನ ತೊಂದರೆ ಇರಬಹುದು. ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು.

ಹೈಡ್ರಾಕ್ಸಿಕ್ಲೋರೋಕ್ವಿನ್‌ನ ದೊಡ್ಡ ಅಪಾಯ ಇರುವುದು ಚರ್ಮಕ್ಕಲ್ಲ, ಕಣ್ಣಿಗೆ. ಬಹಳ ವರ್ಷ ತೆಗೆದುಕೊಂಡರೆ ಕಣ್ಣಿನ ಹಿಂಪದರಕ್ಕೆ ಹಾನಿಯಾಗಬಹುದು, ಅದು ಸರಿಹೋಗುವುದಿಲ್ಲ. ಅಮೆರಿಕದ ನೇತ್ರವೈದ್ಯರ ಸಂಸ್ಥೆ 2016ರಲ್ಲಿ ಹೇಳಿದ ಲೆಕ್ಕ ಹೀಗಿದೆ: ದಿನಕ್ಕೆ ಒಂದು ಕಿಲೋ ತೂಕಕ್ಕೆ 5 ಮಿಲಿಗ್ರಾಂ ಮೀರಬಾರದು. 50 ಕಿಲೋ ತೂಕದವರಿಗೆ ಅದು 250 ಮಿಲಿಗ್ರಾಂ. ಮೊದಲ ವರ್ಷದೊಳಗೆ ಒಮ್ಮೆ ಕಣ್ಣು ಪರೀಕ್ಷೆ, ಐದು ವರ್ಷದ ನಂತರ ಪ್ರತಿ ವರ್ಷ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಇನ್ನೂ ಬೇಗ. ಕಾಲಿನ ಕಲೆ ಎಲ್ಲರಿಗೂ ಕಾಣುತ್ತದೆ, ಕಣ್ಣಿನ ಹಾನಿ ಮೊದಮೊದಲು ರೋಗಿಗೂ ಗೊತ್ತಾಗುವುದಿಲ್ಲ.

ಜೋಯಿಡಾ, ದಾಂಡೇಲಿ, ಮುಂಡಗೋಡದ ಹಳ್ಳಿಗಳಿಂದ ದೊಡ್ಡ ಆಸ್ಪತ್ರೆಗೆ ಹೋಗಿ ಬರಲು ಬಸ್ ಖರ್ಚಿನ ಜೊತೆ ಒಂದು ದಿನದ ಕೂಲಿಯೂ ಹೋಗುತ್ತದೆ. ಅದಕ್ಕೇ ಹಲವರು ವೈದ್ಯರನ್ನು ಕೇಳದೆ ತಾವೇ ತೀರ್ಮಾನ ಮಾಡುತ್ತಾರೆ. ಇಲ್ಲಿ ನಾವು ವಿದ್ಯಾರ್ಥಿಗಳು ಸಹಾಯ ಮಾಡಬಹುದು. ಮನೆಯ ಹಿರಿಯರ ಮಾತ್ರೆಯ ಚೀಟಿ ಓದಿ ಹೆಸರು, ಪ್ರಮಾಣ, ಶುರುವಾದ ತಿಂಗಳು ಬರೆದಿಡೋಣ. ಕಲೆ ಕಂಡರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ವೈದ್ಯರಿಗೆ ತೋರಿಸೋಣ. ಕಣ್ಣು ಪರೀಕ್ಷೆ ಕೊನೆಯ ಬಾರಿ ಯಾವಾಗ ಆಯಿತೆಂದು ಕೇಳೋಣ. ವೈದ್ಯರು ಹೇಳುವವರೆಗೆ ಮಾತ್ರೆ ನಿಲ್ಲಿಸಲು ಬಿಡದಿರೋಣ.