ಹಿಮದ ಮೇಲೆ ಜಾರುವ ಹಲಗೆ

ನಮ್ಮ ಹೊಸೂರು, ಕೃಷ್ಣಗಿರಿ ಕಡೆ ಹಿಮ ಬೀಳುವುದಿಲ್ಲ. ಆದರೂ ಕೊಡಗಿನ ತೆಕ್ಕಡ ಭವಾನಿಯವರು 2023ರಲ್ಲಿ ಸ್ಲೊವೇನಿಯಾದಲ್ಲಿ ನಡೆದ ವಿಶ್ವ ಸ್ಕೀ ಸ್ಪರ್ಧೆಯಲ್ಲಿ ಭಾರತದ ಪರವಾಗಿ ಭಾಗವಹಿಸಿದರು. ಆದ್ದರಿಂದ ಸ್ಕೀ ಎಂಬ ಜಾರುಹಲಗೆಯ ವಿಷಯ ನಮಗೂ ದೂರದ್ದಲ್ಲ.

ಅವರದು ದೂರ ಸಾಗುವ ಸ್ಪರ್ಧೆ. ಅದರ ಹಲಗೆ ಕಿರಿದು, ಹೆಚ್ಚುಕಡಿಮೆ ನೇರ. ಯಂತ್ರದಿಂದ ಹದಗೊಳಿಸಿದ ಇಳಿಜಾರಿನಲ್ಲಿ ತಿರುಗುತ್ತಾ ಇಳಿಯಲು ಬೇರೆ ಹಲಗೆ ಬೇಕು. ಅದರ ತುದಿಗಳೆರಡೂ ಅಗಲ, ನಡು ಮಾತ್ರ ಸುಮಾರು 7 ಸೆಂಟಿಮೀಟರು. ಏಕೆ? ಒಂದು ಕಾರ್ಡಿನ ಉದ್ದನೆಯ ಅಂಚನ್ನು ಒಳಬಾಗಿದಂತೆ ಕತ್ತರಿಸಿ, ಮೇಜಿನ ಮೇಲೆ ಓರೆಯಾಗಿ ಹಿಡಿದು, ನಡುವೆ ಒತ್ತಿ ನೋಡಿರಿ. ಕಾರ್ಡು ಬಿಲ್ಲಿನಂತೆ ಬಾಗಿ, ಅಂಚು ಪೂರ್ತಿ ಮೇಜಿಗೆ ತಾಗುತ್ತದೆ. ಓರೆಯಾದ ಸ್ಕೀ ಕೂಡ ಹೀಗೆಯೇ ಬಾಗಿ, ಹಿಮದಲ್ಲಿ ತಿರುವನ್ನು ಕೊರೆಯುತ್ತದೆ.

ಕಲಿಯುವವರಿಗೆ ಗದ್ದದಿಂದ ಮೂಗಿನವರೆಗೆ ಬರುವ ಹಲಗೆ ಸಾಕು. ಬಹಳ ಉದ್ದವಾದರೆ ತಿರುಗಿಸುವುದು ಕಷ್ಟ. ಬೂಟನ್ನು ಹಿಡಿಯುವ ಕೊಂಡಿಯನ್ನು ನಮ್ಮ ತೂಕಕ್ಕೆ ತಕ್ಕಂತೆ ಬಿಗಿಸಿರಬೇಕು. ಬಿದ್ದಾಗ ಅದು ಬಿಡದಿದ್ದರೆ ಕಾಲು ಮುರಿದೀತು. ಮುಂದೆಂದಾದರೂ ಔಲಿಗೋ ಗುಲ್ಮಾರ್ಗಿಗೋ ಹೋಗಿ ಸ್ಕೀ ಬಾಡಿಗೆಗೆ ಪಡೆದರೆ, ನಮ್ಮ ತೂಕವನ್ನೂ ಕಲಿತಷ್ಟನ್ನೂ ಉಳ್ಳದ್ದು ಉಳ್ಳಂತೆ ಹೇಳೋಣ. ಸಂಕೋಚಕ್ಕೆ ಹೇಳಿದ ಸುಳ್ಳು ಇಳಿಜಾರಿನಲ್ಲಿ ನಮ್ಮನ್ನೇ ಬೀಳಿಸುತ್ತದೆ.