ಮಾಳಿಗೆಯ ಭಾರ: ಮಣ್ಣಿನ ಚಾವಣಿಯನ್ನು ವರ್ಷವರ್ಷವೂ ನೋಡುವ ಕ್ರಮ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪ್ರದೇಶದ ಹಳೆಯ ಊರುಗಳಲ್ಲಿ ‘ಮಾಳಿಗೆ’ ಎಂದರೆ ಮೇಲಂತಸ್ತು ಎಂದಷ್ಟೇ ಅರ್ಥವಲ್ಲ. ತೊಲೆ, ಜಂತೆಗಳ ಮೇಲೆ ಮಣ್ಣು ಹಾಸಿ ಸಮತಟ್ಟಾಗಿ ಕಟ್ಟಿದ ಚಾವಣಿಗೇ ಇಲ್ಲಿ ಮಾಳಿಗೆಯೆಂದು ಹೆಸರು. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿಯೂ ಈ ಅರ್ಥವೇ ರೂಢಿಯಲ್ಲಿದೆ. ಶಿಶುನಾಳ ಶರೀಫರು (1819–1889) ಮಳೆಗೆ ಸೋರುವ ಚಾವಣಿಯನ್ನು ರೂಪಕವಾಗಿಟ್ಟು ತತ್ವಪದವನ್ನು ಹಾಡಿದಾಗ ಅವರ ಕಣ್ಣೆದುರು ಇದ್ದದ್ದು ಇಂಥ ಮಣ್ಣಿನ ಮಾಳಿಗೆಯೇ. ಸಿಮೆಂಟಿನ ಚಾವಣಿಯ ಕೆಳಗೆ ಬೆಳೆದ ವಿದ್ಯಾರ್ಥಿಗೆ ಆ ಪದದ ತಾತ್ವಿಕ ಅರ್ಥವನ್ನು ವಿವರಿಸಬಹುದು. ಆದರೆ ಮಾಳಿಗೆ ಹೇಗೆ ಸೋರುತ್ತದೆ, ಸೋರುವುದನ್ನು ನೋಡಿಯೂ ಸುಮ್ಮನಿದ್ದರೆ ಏನಾಗುತ್ತದೆ ಎಂಬುದು ತಿಳಿಯದಿದ್ದರೆ ರೂಪಕದ ಅರ್ಧ ಬಲವೇ ಕಳೆದುಹೋಗುತ್ತದೆ.

ಮಾಳಿಗೆಯನ್ನು ಕಾಲಕಾಲಕ್ಕೆ ನೋಡಬೇಕಾದ ಕಾರಣಗಳು ಎರಡು. ನೀರು ಒಂದನೆಯದು, ಭಾರ ಎರಡನೆಯದು. ನೀರು ತಾನಾಗಿಯೇ ಕಣ್ಣಿಗೆ ಬೀಳುತ್ತದೆ, ಭಾರ ಬೀಳುವುದಿಲ್ಲ. ನೀರನ್ನು ತಡೆಯಲು ಮಾಡಿದ ದುರಸ್ತಿಯೇ ಭಾರವನ್ನು ಹೆಚ್ಚಿಸುತ್ತ ಹೋಗುವುದು ಈ ಚಾವಣಿಯ ನಿಜವಾದ ಅಪಾಯ.

ಮಾಳಿಗೆಯ ಕಟ್ಟಡ

ಈ ಭಾಗದಲ್ಲಿ ವರ್ಷಕ್ಕೆ ಸಾಧಾರಣವಾಗಿ 500ರಿಂದ 700 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ನಾಡಿಗೆ ದಪ್ಪ ಮಣ್ಣಿನ ಚಾವಣಿ ಚೆನ್ನಾಗಿ ಒಪ್ಪುತ್ತದೆ. ಹಗಲಿನ ಕಾವು ಮಣ್ಣಿನ ಪದರವನ್ನು ದಾಟಿ ಒಳಗೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಮೇಲೆ ಶೇಂಗಾ, ಮೆಣಸಿನಕಾಯಿ, ಸಂಡಿಗೆಗಳನ್ನು ಒಣಹಾಕಬಹುದು. ಸೆಕೆಯ ರಾತ್ರಿಗಳಲ್ಲಿ ಅಲ್ಲಿಯೇ ಮಲಗಬಹುದು.

ಗೋಡೆಗಳು ಕರಿಕಲ್ಲಿನವು. ಸುಣ್ಣವಿಲ್ಲದೆ ಬರಿಯ ಕೆಸರಿನಲ್ಲಿ ಕಟ್ಟಿದ ಗೋಡೆಯ ದಪ್ಪ ಎರಡು ಅಡಿಗೆ ಕಡಿಮೆಯಿರುವುದು ಅಪರೂಪ. ಅನೇಕ ಮನೆಗಳಲ್ಲಿ ಗೋಡೆಯ ಒಳಮಗ್ಗುಲಿಗೆ ಕಟ್ಟಿಗೆಯ ಕಂಬಗಳಿರುತ್ತವೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತೆಗಳು. ಕಂಬಗಳ ನಡುವಿನ ಒಂದು ಅಳತೆಗೆ ಕನ್ನಡದಲ್ಲಿ ಅಂಕಣವೆಂದೂ ಮರಾಠಿಯಲ್ಲಿ ಖಣವೆಂದೂ ಹೆಸರು. ಗಡಿಭಾಗದ ಮನೆಗಳನ್ನು ಎರಡೂ ಭಾಷೆಗಳು ಹೀಗೆಯೇ ಅಳೆದಿವೆ. ಜಂತೆಯ ಮೇಲೆ ಅನುಕೂಲವಿದ್ದವರು ಹಲಗೆ ಹಾಸುತ್ತಿದ್ದರು. ಇಲ್ಲದವರು ಬಿದಿರು, ತೊಗರಿಕಟ್ಟಿಗೆ ಹರಡುತ್ತಿದ್ದರು. ಹುಳು ಹತ್ತದಿರಲೆಂದು ಬೇವಿನ ಸೊಪ್ಪನ್ನು ಹಾಸುವುದೂ ಉಂಟು. ಅದರ ಮೇಲೆ ಕೆಸರಿನ ಪದರ, ಎಲ್ಲಕ್ಕೂ ಮೇಲೆ ದಮ್ಮಸು ಮಾಡಿದ ಬಿಳಿಮಣ್ಣು.

ಸುತ್ತಲೂ ಹೊಲದ ತುಂಬ ಎರೆಮಣ್ಣು ಇರುವಾಗ ಬಿಳಿಮಣ್ಣನ್ನು ಹುಡುಕಿ ತರುವುದಕ್ಕೆ ಕಾರಣವಿದೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ. ಹಳೆಯ ಊರದಿನ್ನೆಗಳಿಂದ ಅಗೆದು ತರುವ ಬಿಳಿಮಣ್ಣು, ಅಂದರೆ ಹಾಳುಮಣ್ಣು, ಅಷ್ಟು ಬಿರಿಯುವುದಿಲ್ಲ. ಮೊದಲ ಮಳೆಗೆ ಅದರ ನುಣುಪು ಕಣಗಳು ಒಂದಕ್ಕೊಂದು ಅಂಟಿ ಮೇಲ್ಮೈಯನ್ನು ಮುಚ್ಚುತ್ತವೆ; ಉಳಿದ ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಕಣ್ಣಿಗೆ ಮಾಳಿಗೆ ಸಮತಟ್ಟಾಗಿ ಕಂಡರೂ ಅದಕ್ಕೊಂದು ಸಣ್ಣ ಇಳಿಜಾರು ಇರುತ್ತದೆ. ನೀರು ಆ ಇಳಿಜಾರಿನಲ್ಲಿ ಹರಿದು ಕುಂಬಿಯ ಬುಡದಲ್ಲಿರುವ ಹರನಾಳಿಗೆಯ ಮೂಲಕ ಗೋಡೆಯಿಂದ ದೂರ ಬೀಳಬೇಕು.

ಮಣ್ಣು ಹೇರುವ ರೂಢಿ

ಗಾಳಿ, ಮಳೆ, ಕಾಲ್ತುಳಿತಗಳಿಂದ ಮೇಲ್ಪದರ ಸವೆಯುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕುವುದು ಮನೆತನದ ಕೆಲಸಗಳಲ್ಲಿ ಒಂದಾಗಿತ್ತು. ಸವೆದಷ್ಟನ್ನೇ ತುಂಬಿದರೆ ತೊಂದರೆಯಿಲ್ಲ. ಆದರೆ ಸೋರುವ ಜಾಗ ಯಾವುದೆಂದು ಹುಡುಕದೆ ಇಡೀ ಮಾಳಿಗೆಯ ಮೇಲೆ ಮಣ್ಣು ಹರಡುವುದು ಸುಲಭ. ಹಾಗೆ ಮಾಡಿದಾಗ ಆ ವರ್ಷಕ್ಕೆ ಸೋರುವುದು ನಿಲ್ಲುತ್ತದೆ. ಮರುವರ್ಷ ಮತ್ತೊಂದು ಪದರ ಬೀಳುತ್ತದೆ. ಹಳೆಯ ಮಣ್ಣನ್ನು ಕೆರೆದು ತೆಗೆಯುವುದು ಬೇಸರದ ಕೆಲಸವಾದ್ದರಿಂದ ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಇದರ ಲೆಕ್ಕವನ್ನು ಒಮ್ಮೆ ಮಾಡಿ ನೋಡಬಹುದು. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಒಂದು ಕೋಣೆಯ ಮಾಳಿಗೆ 12 ಚದರ ಮೀಟರ್. ದಮ್ಮಸು ಮಾಡಿದ ಒಣ ಮಣ್ಣು ಒಂದು ಘನ ಮೀಟರಿಗೆ ಸುಮಾರು 1,600 ಕಿಲೋ ತೂಗುತ್ತದೆ. ಒಂದು ಅಡಿ ದಪ್ಪದ ಮಣ್ಣಿದ್ದರೆ ಆ ಒಂದು ಕೋಣೆಯ ಮೇಲೆಯೇ ಆರು ಟನ್ನಿನಷ್ಟು ಭಾರ. ಪ್ರತಿವರ್ಷ ಒಂದೇ ಒಂದು ಅಂಗುಲ ಮಣ್ಣು ಹೆಚ್ಚಾದರೂ 480 ಕಿಲೋ ಸೇರುತ್ತದೆ. ಹತ್ತು ವರ್ಷಕ್ಕೆ ಅದು ಐದು ಟನ್ನಿನ ಹತ್ತಿರ ಬರುತ್ತದೆ. ಎರಡು ಅಡಿ ದಪ್ಪವಾದ ಮಾಳಿಗೆ, ಅದೇ ಅಳತೆಯ ಸಾಮಾನ್ಯ ಕಾಂಕ್ರೀಟ್ ಚಾವಣಿಗಿಂತ ಮೂರು ಪಟ್ಟಿಗೂ ಹೆಚ್ಚು ತೂಗುತ್ತದೆ. ಮಳೆಯಲ್ಲಿ ನೆನೆದಾಗ ತೂಕ ಇನ್ನೂ ಏರುತ್ತದೆ. ಇಷ್ಟನ್ನೂ ಹೊರುವ ಜಂತೆಗಳು ಮಾತ್ರ ಅಜ್ಜನ ಕಾಲದವೇ. ಅವು ವರ್ಷದಿಂದ ವರ್ಷಕ್ಕೆ ಹಳತಾಗುತ್ತವೆಯೇ ಹೊರತು ಬಲವಾಗುವುದಿಲ್ಲ.

1993 ಕಲಿಸಿದ್ದು

1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಗಣೇಶ ವಿಸರ್ಜನೆಯನ್ನು ಮುಗಿಸಿ ಜನ ಮಲಗಿದ್ದ ಹೊತ್ತು ಅದು. ಕಂಪನದ ಪ್ರಮಾಣ 6.2ರ ಆಸುಪಾಸಿನಲ್ಲಿತ್ತು. ಅಕ್ಕಲಕೋಟೆಯ ನೆರೆಯ ಉಮರ್ಗಾ ಸೀಮೆಯ ಹಳ್ಳಿಗಳೂ ನೆಲಸಮವಾದವು. ಸತ್ತವರ ಸಂಖ್ಯೆ ಎಂಟರಿಂದ ಹತ್ತು ಸಾವಿರವೆಂದು ಅಂದಾಜು. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಭೂಕಂಪಗಳು ಎಷ್ಟೋ ಆಗಿವೆ. ಇಲ್ಲಿ ಇಷ್ಟು ಜೀವಗಳು ಹೋದದ್ದಕ್ಕೆ ಮುಖ್ಯ ಕಾರಣ ಮನೆಗಳ ಕಟ್ಟಡವೆಂದು ನಂತರದ ಪರಿಶೀಲನೆಗಳು ತೋರಿಸಿದವು.

ಕೆಸರಿನಲ್ಲಿ ಕಟ್ಟಿದ ದಪ್ಪ ಗೋಡೆಗೆ ಒಳಮೈ, ಹೊರಮೈ ಎಂದು ಎರಡು ಪದರಗಳಿರುತ್ತವೆ. ನಡುವೆ ಸಣ್ಣ ಕಲ್ಲು ಮತ್ತು ಮಣ್ಣು ತುಂಬಿರುತ್ತದೆ. ಎರಡು ಮೈಗಳನ್ನು ಸೇರಿಸಿ ಹಿಡಿಯುವ ಉದ್ದಗಲ್ಲುಗಳಿಲ್ಲದಿದ್ದರೆ ನಡುಕಕ್ಕೆ ಅವು ಬೇರೆಬೇರೆಯಾಗಿ ಕಳಚಿಕೊಳ್ಳುತ್ತವೆ. ಗೋಡೆ ಕಳಚಿದಾಗ ವರ್ಷವರ್ಷ ಹೇರಿದ ಮಣ್ಣು ಮಲಗಿದವರ ಮೇಲೆ ಬಿತ್ತು. ಕಟ್ಟಿಗೆಯ ಕಂಬಗಳ ಮೇಲೆ ಗಟ್ಟಿಯಾಗಿ ನಿಂತಿದ್ದ ಕೆಲವು ಮನೆಗಳಲ್ಲಿ ಗೋಡೆ ಉರುಳಿದರೂ ಮಾಳಿಗೆ ಉಳಿದದ್ದು ಕಂಡುಬಂತು. ಉಳಿದ ಮನೆಗಳನ್ನು ಬಲಪಡಿಸುವಾಗ ಮಾಳಿಗೆಯ ಮಣ್ಣನ್ನು ಕಡಿಮೆ ಮಾಡುವುದು, ಗೋಡೆಗೆ ಉದ್ದಗಲ್ಲು ಸೇರಿಸುವುದು ಮುಖ್ಯ ಸಲಹೆಗಳಾದವು. ಆವರೆಗೆ ಕಿಲ್ಲಾರಿ ಸೀಮೆಯನ್ನು ಭೂಕಂಪದ ಭಯ ಅತಿ ಕಡಿಮೆಯಿರುವ ವಲಯವೆಂದು ಎಣಿಸಲಾಗಿತ್ತು. 2002ರ ಪರಿಷ್ಕೃತ ನಕ್ಷೆಯಲ್ಲಿ ಅದನ್ನು ಮೂರನೆಯ ವಲಯಕ್ಕೆ ಸೇರಿಸಲಾಯಿತು.

ಈ ಘಟನೆಯಿಂದ ಮಣ್ಣಿನ ಮನೆಯೇ ಕೆಟ್ಟದ್ದೆಂದು ತೀರ್ಮಾನಿಸಬೇಕಾಗಿಲ್ಲ. ದಪ್ಪವನ್ನು ಅಳೆಯದೆ ಬಿಟ್ಟ ಮಾಳಿಗೆ ಅಪಾಯಕರ. ಅಳತೆಯಲ್ಲಿಟ್ಟ ಮಾಳಿಗೆ ಅಷ್ಟು ಅಪಾಯಕರವಲ್ಲ.

ನೋಡುವ ಕಾಲ, ನೋಡುವ ಕ್ರಮ

ವರ್ಷಕ್ಕೆ ಮೂರು ಸಲ ಮಾಳಿಗೆಯನ್ನು ನೋಡಬೇಕು. ರೋಹಿಣಿ ಮಳೆ ಹುಟ್ಟುವ ಮೊದಲು, ಅಂದರೆ ಮೇ ತಿಂಗಳ ಮೂರನೆಯ ವಾರದೊಳಗೆ ಮೊದಲನೆಯದು. ಆಗ ಮಣ್ಣು ಒಣಗಿರುತ್ತದೆ, ಬಿರುಕು ಎದ್ದು ಕಾಣುತ್ತದೆ, ದುರಸ್ತಿಗೆ ದಿನಗಳೂ ಉಳಿದಿರುತ್ತವೆ. ಒಂದೆರಡು ಮಳೆ ಬಿದ್ದ ಬಳಿಕ ಎರಡನೆಯದು. ದುರಸ್ತಿ ಸರಿಯಾಯಿತೇ ಎಂಬುದು ಆಗ ತಿಳಿಯುತ್ತದೆ. ಮೂರನೆಯದು ದೀಪಾವಳಿಯ ಹೊತ್ತಿಗೆ. ಈ ಭಾಗಕ್ಕೆ ಸೆಪ್ಟೆಂಬರಿನಲ್ಲಿಯೇ ಹೆಚ್ಚು ಮಳೆಯಾಗುವುದರಿಂದ ಮಾಳಿಗೆ ಅತಿ ಹೆಚ್ಚು ನೆನೆದು ಒಣಗುವ ಕಾಲ ಅದು.

ಮೊದಲು ನೋಡಬೇಕಾದದ್ದು ಒಳಗಿನಿಂದ. ಹಗಲು ಬೆಳಕಿಂಡಿಯ ಬೆಳಕಿನಲ್ಲಿಯೂ ಕತ್ತಲೆ ಮೂಲೆಗಳಲ್ಲಿ ಬ್ಯಾಟರಿಯ ಬೆಳಕಿನಲ್ಲಿಯೂ ಜಂತೆಗಳನ್ನು ಒಂದೊಂದಾಗಿ ನೋಡಬೇಕು. ಜಂತೆಯ ಮೇಲೆ ಕಂದುಬಣ್ಣದ ನೀರಿನ ಗೆರೆಯಿದ್ದರೆ ಮೇಲೆ ಸೋರಿಕೆಯಿದೆ. ನೀರು ಬಿದ್ದ ಜಾಗದ ನೇರಕ್ಕೇ ಬಿರುಕು ಇರಬೇಕೆಂದಿಲ್ಲ. ಜಂತೆಯ ಗುಂಟ ಹರಿದು ದೂರದಲ್ಲಿ ತೊಟ್ಟಿಕ್ಕುವುದೂ ಉಂಟು. ಗೋಡೆಯಿಂದ ಜಂತೆಗೆ ಏರಿದ ಮಣ್ಣಿನ ಎಳೆ ಕಂಡರೆ ಗೆದ್ದಲು ಹತ್ತಿದೆ. ಕಟ್ಟಿಗೆಯನ್ನು ಬಡಿದಾಗ ಟೊಳ್ಳು ಸದ್ದು ಬಂದರೆ ಒಂದು ದಬ್ಬಳವನ್ನು ಒತ್ತಿ ನೋಡಬೇಕು. ಗಟ್ಟಿ ಕಟ್ಟಿಗೆಯಲ್ಲಿ ಅದರ ತುದಿಯಷ್ಟೇ ನಾಟುತ್ತದೆ. ಲಡ್ಡು ಹಿಡಿದ ಕಟ್ಟಿಗೆಯಲ್ಲಿ ಸಲೀಸಾಗಿ ಒಳಗಿಳಿಯುತ್ತದೆ. ಗೋಡೆಯೊಳಗೆ ಹುದುಗಿದ ಜಂತೆಯ ತುದಿಯನ್ನು ವಿಶೇಷವಾಗಿ ಪರೀಕ್ಷಿಸಬೇಕು. ತೇವ ನಿಲ್ಲುವುದೂ ಗಾಳಿಯಾಡದಿರುವುದೂ ಅಲ್ಲಿಯೇ. ಜಂತೆ ನಡುವೆ ಬಾಗಿದೆಯೇ ಎಂಬುದನ್ನು ತಿಳಿಯಲು ಅದರ ಎರಡು ತುದಿಗೆ ದಾರ ಬಿಗಿದು ಹಿಡಿದರೆ ಸಾಕು. ಆ ಅಳತೆಯನ್ನು ಬರೆದಿಟ್ಟರೆ ಮರುವರ್ಷ ಬಾಗು ಹೆಚ್ಚಿತೇ ಎಂಬುದು ಗೊತ್ತಾಗುತ್ತದೆ.

ಆಮೇಲೆ ಹೊರಗೋಡೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಮೂಲೆಗಳಲ್ಲಿ ಮೇಲಿನಿಂದ ಕೆಳಕ್ಕೆ ಬಿರುಕು ಇಳಿದಿದ್ದರೆ, ಅದು ಭಾರದ ಲಕ್ಷಣ. ಅಂಥ ಮನೆಯ ಮಾಳಿಗೆಗೆ ಒಂದು ಬುಟ್ಟಿ ಮಣ್ಣನ್ನೂ ಹೊಸದಾಗಿ ಹಾಕಬಾರದು. ಅನುಭವಿ ಗೌಂಡಿಗೋ ಎಂಜಿನಿಯರಿಗೋ ತೋರಿಸಬೇಕು.

ಕೊನೆಯದು ಮಾಳಿಗೆಯ ಮೇಲ್ಭಾಗ. ಜಂತೆಗಳು ಗಟ್ಟಿಯಾಗಿವೆಯೆಂದು ಒಳಗಿನಿಂದ ಖಚಿತವಾದ ಮೇಲೆಯೇ ನಿಚ್ಚಣಿಕೆ ಹತ್ತಬೇಕು. ಮಣ್ಣು ನೆನೆದಿರುವಾಗ ಹತ್ತಕೂಡದು, ಒಬ್ಬರೇ ಹತ್ತಕೂಡದು. ಹುಲ್ಲು, ಗಿಡದ ಬೇರು, ಇಲಿ ಹೆಗ್ಗಣಗಳ ಬಿಲ, ಮಳೆಯ ನೀರು ನಿಂತು ಒಣಗಿದ ತಗ್ಗು, ಕುಂಬಿಯ ಬುಡದ ಸಂದು, ಕಸ ಕಟ್ಟಿಕೊಂಡ ಹರನಾಳಿಗೆ—ಸೋರಿಕೆ ಸಾಮಾನ್ಯವಾಗಿ ಇವುಗಳಲ್ಲಿ ಒಂದರಿಂದ ಹುಟ್ಟುತ್ತದೆ. ಬೇರನ್ನು ಕಿತ್ತು, ಬಿಲವನ್ನು ಅಗೆದು ಹೊಸ ಬಿಳಿಮಣ್ಣಿನಿಂದ ಮುಚ್ಚಿ ದಮ್ಮಸು ಮಾಡಿದರೆ ಹೆಚ್ಚಿನ ಮನೆಗಳಿಗೆ ಅಷ್ಟೇ ಸಾಕಾಗುತ್ತದೆ.

ದಪ್ಪವನ್ನು ಅಳೆಯಲು ಬೆಳಕಿಂಡಿ ಒದಗಿಬರುತ್ತದೆ. ಅದರ ಅಂಚಿನಲ್ಲಿ ಹಲಗೆಯಿಂದ ಮೇಲ್ಮೈವರೆಗೆ ಮಣ್ಣಿನ ಎತ್ತರವನ್ನು ಅಳತೆಪಟ್ಟಿಯಿಂದ ನೋಡಿ, ವರ್ಷದೊಂದಿಗೆ ಗೋಡೆಯ ಮೇಲೆ ಗುರುತು ಹಾಕಬಹುದು. ಮಣ್ಣು ಆ ಗುರುತನ್ನು ಮೀರಿದರೆ ಮೊದಲು ಹಳೆಯದನ್ನು ಕೆರೆದು ಇಳಿಸಬೇಕು, ಆಮೇಲೆ ಹೊಸದು. ಇಳಿಸುವಾಗಲೂ ಒಂದೇ ಕಡೆಯಿಂದ ತೆಗೆಯದೆ ಇಡೀ ಮೇಲ್ಮೈಯಿಂದ ಸಮನಾಗಿ ತೆಗೆಯಬೇಕು. ತೆಗೆದ ಮಣ್ಣನ್ನು ಮಾಳಿಗೆಯ ಮೂಲೆಯಲ್ಲಿ ರಾಶಿ ಹಾಕಬಾರದು.

ಕಾಂಕ್ರೀಟ್ ಮನೆಗೂ ಇದೇ ಮಾತು

ಇಂದು ಈ ಊರುಗಳಲ್ಲಿ ಕಾಂಕ್ರೀಟ್ ಚಾವಣಿಗಳೇ ಹೆಚ್ಚುತ್ತಿವೆ. ಅವುಗಳನ್ನು ನೋಡಬೇಕಾಗಿಲ್ಲವೆಂಬ ನಂಬಿಕೆ ತಪ್ಪು. ಬಿರುಕಿನೊಳಗೆ ಇಳಿದ ನೀರು ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕೆಳಗಿನ ಗಿಲಾವನ್ನು ಕಿತ್ತುಹಾಕುತ್ತದೆ. ಒಳಗಿನಿಂದ ಕಾಣುವ ಕೆಂಪು ಕಲೆಯೂ ಬಡಿದಾಗ ಬರುವ ಟೊಳ್ಳು ಸದ್ದೂ ಇಲ್ಲಿಯ ಲಕ್ಷಣಗಳು. ಸೋರಿತೆಂದು ಹಳೆಯ ಪದರವನ್ನು ತೆಗೆಯದೆ ಮೇಲೆ ಮತ್ತೆ ಮತ್ತೆ ಸಿಮೆಂಟು, ಫರಸಿ ಹಾಕಿಸುವವರು ಮಾಳಿಗೆಗೆ ಮಣ್ಣು ಹೇರಿದವರ ದಾರಿಯಲ್ಲಿಯೇ ನಡೆಯುತ್ತಾರೆ.

ಮಣ್ಣಿನ ಮಾಳಿಗೆಗಳಲ್ಲಿ ಹಲವು ಇಂದು ಮುದುಕರೊಬ್ಬರೇ ಇರುವ ಮನೆಗಳ ಮೇಲಿವೆ. ಇನ್ನು ಕೆಲವು ಬೀಗ ಹಾಕಿದ ಮನೆಗಳ ಮೇಲಿವೆ. ಮಕ್ಕಳು ಪುಣೆ, ಮುಂಬಯಿಗಳಲ್ಲಿ ದುಡಿಯುತ್ತಾರೆ. ವಯಸ್ಸಾದವರಿಗೆ ನಿಚ್ಚಣಿಕೆ ಹತ್ತಲಾಗದು. ಹಳೆಯ ಮಣ್ಣು ಇಳಿಸುವುದಂತೂ ಆಗದ ಮಾತು. ಕೂಲಿಗೆ ಬಂದವರು ಸುಲಭವೆಂದು ಮೇಲೆ ಇನ್ನೊಂದು ಪದರ ಹರಡಿ ಹೋಗುತ್ತಾರೆ. ತೊಲೆ, ಜಂತೆ, ಅಂಕಣ, ಕುಂಬಿ, ಹರನಾಳಿಗೆಗಳನ್ನು ಕೇವಲ ನಿಘಂಟಿನಲ್ಲಿ ಕಂಡಿರುವ ವಿದ್ಯಾರ್ಥಿ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ, ಅಜ್ಜಿಯ ಮನೆಯ ಬೆಳಕಿಂಡಿಯ ಅಂಚಿನಲ್ಲಿ ಅಳತೆಪಟ್ಟಿ ಹಿಡಿದು ಮಣ್ಣಿನ ದಪ್ಪವನ್ನು ಬರೆದುಕೊಳ್ಳಬಹುದು. ಒಂದು ಅಡಿಗಿಂತ ಹೆಚ್ಚಿದ್ದರೆ ಆ ಅಂಕಿಯನ್ನು ಮನೆಯ ಹಿರಿಯರ ಮುಂದಿಟ್ಟು, ರೋಹಿಣಿ ಮಳೆಗೆ ಮೊದಲು ಮಣ್ಣು ಇಳಿಸುವ ಮಾತನ್ನು ಆಡಬೇಕು.