ನೀರು ಕುಡಿದರೂ ಒಣಗುವ ಬಾಯಿ

ಒಣ ಸಜ್ಜೆ ರೊಟ್ಟಿಯ ಒಂದು ತುಣುಕನ್ನು ನೀರು, ಪಲ್ಯ, ಮೊಸರು ಯಾವುದೂ ಇಲ್ಲದೆ ಅಗಿದು ನುಂಗಲು ನಿಮಗೆ ಆಗುತ್ತದೆಯೇ? ಬಾಯಿ ಒಣಗುತ್ತದೆ ಎಂದು ಬಂದವರಿಗೆ ವೈದ್ಯರು ಇಂಥದೇ ಪ್ರಶ್ನೆ ಹಾಕುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ರೊಟ್ಟಿಯ ಜಾಗದಲ್ಲಿ ಬಿಸ್ಕತ್ತು ಬರುತ್ತದೆ, ಅಷ್ಟೇ. ಪುಣೆ ಜಿಲ್ಲೆಯ ಶಿರೂರಿನಲ್ಲಾದರೆ ಸಜ್ಜೆಯ ಭಾಕರಿ, ವಿಜಯಪುರದಲ್ಲಾದರೆ ಜೋಳದ ಕಟಕ ರೊಟ್ಟಿ. ತುತ್ತು ತುತ್ತಿಗೂ ನೀರಿನ ಲೋಟ ಎತ್ತಲೇಬೇಕು ಎನ್ನುವವರ ಬಾಯಲ್ಲಿ ಜೊಲ್ಲು ಕಡಿಮೆಯಾಗಿರುವ ಸಂಭವ ಹೆಚ್ಚು.

ಶಿರೂರು ಇರುವುದು ಘೋಡ್ ನದಿಯ ದಂಡೆಯಲ್ಲಿ, ಸಹ್ಯಾದ್ರಿಯ ಮಳೆನೆರಳಿನ ಒಣ ಬಯಲಿನಲ್ಲಿ. ಅದೇ ತಾಲ್ಲೂಕಿನ ರಾಂಜಣಗಾಂವದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವಿದೆ. ಪುಣೆ ಸುತ್ತಿನ ಕೆಲಸಗಳಿಗೆ ಕಲಬುರಗಿ, ವಿಜಯಪುರ, ಬೀದರ ಕಡೆಯಿಂದ ದುಡಿಯಲು ಹೋದ ಕನ್ನಡಿಗರೂ ಬಹಳ. ಬೇಸಿಗೆಯಲ್ಲಿ ಅಲ್ಲಿ ಬಾಯಿ ಒಣಗಿದರೆ ಯಾರಿಗೂ ಆಶ್ಚರ್ಯವಿಲ್ಲ. ರಸ್ತೆ ಬದಿಯ ರಸವಂತಿಯಲ್ಲಿ ಒಂದು ಗ್ಲಾಸು ಕಬ್ಬಿನ ಹಾಲು, ಇಲ್ಲವೇ ಸಕ್ಕರೆ ಮುಂದಾಗಿ ಹಾಕಿದ ಚಹಾ, ಅಲ್ಲಿಗೆ ಮುಗಿಯಿತು. ಬಿಸಿಲಿನ ದಾಹವಾದರೆ ನೀರು ಕುಡಿದ ಮೇಲೆ ಅದು ತೀರುತ್ತದೆ. ನೀರು ಕುಡಿದು ಹತ್ತು ನಿಮಿಷಕ್ಕೆ ನಾಲಿಗೆ ಮತ್ತೆ ಅಂಗುಳಕ್ಕೆ ಅಂಟಿದರೆ, ರಾತ್ರಿ ಎದ್ದೆದ್ದು ಬಾಯಿ ತೇವ ಮಾಡಿಕೊಳ್ಳಬೇಕಾದರೆ ಅದು ಬೇರೆಯೇ ತೊಂದರೆ. ಅದನ್ನು ಕಬ್ಬಿನ ಹಾಲಿನಿಂದ, ಪೆಪ್ಪರಮಿಂಟಿನಿಂದ ತಣಿಸಲು ಹೋಗುವುದೇ ಹಲ್ಲಿಗೆ ಬೀಳುವ ದೊಡ್ಡ ಪೆಟ್ಟು.

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಯುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಒಂದೊಂದು ಜೋಡಿ ದೊಡ್ಡ ಗ್ರಂಥಿಗಳಿವೆ. ಮಂಗನಬಾವು ಬಂದಾಗ ಊದುವುದು ಇವುಗಳಲ್ಲಿ ಕಿವಿಯ ಮುಂದಿನದು. ತುಟಿ, ಕೆನ್ನೆ, ಅಂಗುಳಗಳ ಒಳಪದರದಲ್ಲಿ ನೂರಾರು ಕಿರುಗ್ರಂಥಿಗಳೂ ಇವೆ. ಜೊಲ್ಲಿನಲ್ಲಿ ಶೇಕಡಾ 99ರಷ್ಟು ನೀರೇ. ಆದರೆ ಉಳಿದ ಒಂದು ಪಾಲಿನಲ್ಲೇ ಅದರ ಕಸುಬೆಲ್ಲ ಅಡಗಿದೆ: ಆಮ್ಲವನ್ನು ತಣಿಸುವ ಬೈಕಾರ್ಬೊನೇಟ್, ಹಲ್ಲಿಗೆ ಮರಳಿ ಸೇರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್, ಸೂಕ್ಷ್ಮಾಣುಗಳನ್ನು ಹದ್ದುಬಸ್ತಿನಲ್ಲಿಡುವ ಲೈಸೊಜೈಮ್‌ನಂಥ ಪ್ರೋಟೀನ್‌ಗಳು, ಎಲ್ಲವನ್ನೂ ಜಾರುವಂತೆ ಮಾಡುವ ಲೋಳೆ. ಕೊಡಗಟ್ಟಲೆ ನೀರು ಕುಡಿದರೂ ಆ ಒಂದು ಪಾಲು ಸಿಗುವುದಿಲ್ಲ.

ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಜೊಲ್ಲು ಸಾಕಷ್ಟಿದ್ದರೆ ಅರ್ಧ ಗಂಟೆ, ಒಂದು ಗಂಟೆಯೊಳಗೆ ಪರಿಸ್ಥಿತಿ ತಿಳಿಯಾಗುತ್ತದೆ, ಕಳೆದುಹೋದ ಖನಿಜ ಒಂದಿಷ್ಟು ಮರಳಿ ಕೂಡುತ್ತದೆ. ಜೊಲ್ಲಿಲ್ಲದ ಬಾಯಲ್ಲಿ ಆಮ್ಲ ಅಲ್ಲೇ ಕೂತು ತಿನ್ನುತ್ತದೆ. ಅದರಲ್ಲೂ ವಯಸ್ಸಾದವರ ಒಸಡು ಸರಿದು ಬೇರು ಹೊರಬಿದ್ದಿದ್ದರೆ ಇನ್ನೂ ಕಷ್ಟ, ಏಕೆಂದರೆ ಬೇರಿಗೆ ಎನಾಮೆಲ್‌ನ ಹೊದಿಕೆಯಿಲ್ಲ. ಅದು ಇನ್ನೂ ಸೌಮ್ಯವಾದ ಆಮ್ಲಕ್ಕೇ ಕರಗುತ್ತದೆ. ವರ್ಷಗಟ್ಟಲೆ ಗಟ್ಟಿಯಾಗಿದ್ದ ಹಲ್ಲುಗಳು ಒಮ್ಮೆಲೇ ಒಸಡಿನ ಅಂಚಿನಲ್ಲಿ ಸಾಲಾಗಿ ಹುಳುಕಾದರೆ, ಹಲ್ಲು ತುಂಬಿಸಿಕೊಳ್ಳುವ ಜೊತೆಗೆ ಜೊಲ್ಲಿನ ಬಗ್ಗೆಯೂ ವಿಚಾರಿಸಬೇಕು.

ಇನ್ನು ಕಾರಣ. ಜನ ವಯಸ್ಸನ್ನು ದೂರುತ್ತಾರೆ. ನಾನಾದರೆ ಮೊದಲು ಮಾತ್ರೆಗಳ ಡಬ್ಬಿ ತೆಗೆಸಿ ನೋಡಿ ಎನ್ನುತ್ತೇನೆ. ಜೊಲ್ಲು ಸುರಿಸು ಎಂಬ ಆಜ್ಞೆ ನರಗಳಿಂದ ಗ್ರಂಥಿಗೆ ತಲುಪುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಎಷ್ಟೋ ಔಷಧಿಗಳು ಈ ಆಜ್ಞೆಯನ್ನೇ ತಡೆಯುತ್ತವೆ. ನೆಗಡಿ, ಅಲರ್ಜಿಗೆ ಕೊಡುವ ಕ್ಲೋರ್‌ಫೆನಿರಮೈನ್, ಪದೇಪದೇ ಮೂತ್ರಕ್ಕೆ ಹೋಗುವವರಿಗೆ ಕೊಡುವ ಆಕ್ಸಿಬ್ಯುಟಿನಿನ್, ಖಿನ್ನತೆಗಷ್ಟೇ ಅಲ್ಲದೆ ನರನೋವಿಗೂ ಅರೆತಲೆನೋವಿಗೂ ಬರೆದುಕೊಡುವ ಅಮಿಟ್ರಿಪ್ಟಿಲೀನ್ ಆ ಗುಂಪಿನವು. ರಕ್ತದೊತ್ತಡಕ್ಕೆ ನುಂಗುವ, ಮೂತ್ರ ಹೆಚ್ಚಿಸುವ ಮಾತ್ರೆಗಳಿಂದಲೂ ಬಾಯಿ ಒಣಗಬಹುದು. ಒಂದರಿಂದ ಗೊತ್ತಾಗದ್ದು ನಾಲ್ಕೈದು ಸೇರಿದಾಗ ಎದ್ದು ಕಾಣುತ್ತದೆ. ಹಾಗೆಂದು ತಾವಾಗಿಯೇ ಮಾತ್ರೆ ಬಿಡುವುದು ಅಪಾಯ. ಎಲ್ಲ ಚೀಟಿಗಳನ್ನೂ ಒಟ್ಟಿಗೆ ವೈದ್ಯರಿಗೆ ತೋರಿಸಿ, ಯಾವುದನ್ನಾದರೂ ಬದಲಿಸಲು, ಪ್ರಮಾಣ ತಗ್ಗಿಸಲು ಬರುತ್ತದೆಯೇ ಎಂದು ಕೇಳಬೇಕು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಬಾಯಿ ಒಣಗಿಸುತ್ತದೆ. ಬಾಯಿಯ ಜೊತೆ ಕಣ್ಣಲ್ಲೂ ಮರಳು ಬಿದ್ದಂತಾಗುತ್ತಿದ್ದರೆ, ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದ ರೋಗ ಇರಬಹುದು. ಅದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಗಳ ಮೇಲೆ ತಿರುಗಿ ಬೀಳುತ್ತದೆ. ಹೆಚ್ಚಾಗಿ ನಡುವಯಸ್ಸಿನ ಹೆಂಗಸರಿಗೆ ಬರುವ ಇದನ್ನು ನಮ್ಮಲ್ಲಿ ಉಷ್ಣ ಎಂದು ತಳ್ಳಿಹಾಕುವುದುಂಟು.

ತಂಬಾಕಿನ ಮಾತು ಬಿಡುವಂತಿಲ್ಲ. ತಂಬಾಕು ಸುಣ್ಣ ತಿಕ್ಕಿ ಇಟ್ಟುಕೊಂಡರೆ, ಮಹಾರಾಷ್ಟ್ರದಲ್ಲೂ ಗಡಿಯ ಈಚೆಗೂ ಹೆಂಗಸರು ಮಾಡುವಂತೆ ಮಿಶ್ರಿ ಎಂಬ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕಿದರೆ, ಬಾಯಲ್ಲಿ ಆ ಗಳಿಗೆಗೆ ನೀರೂರುತ್ತದೆ. ಒಣಗಿದ ಬಾಯಿಗೆ ಅದೇ ಮದ್ದು ಎನಿಸುತ್ತದೆ. ಆ ಚಟ ಕೆಲವರನ್ನು ಬಾಯಿಯ ಕ್ಯಾನ್ಸರಿಗೆ, ಅಲ್ಲಿಂದ ಮುಂಬಯಿಯ ಟಾಟಾ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಒಯ್ಯುತ್ತದೆ. ತಲೆ, ಕುತ್ತಿಗೆಗೆ ಕೊಡುವ ವಿಕಿರಣವು ಗೆಡ್ಡೆಯ ಜೊತೆ ಜೊಲ್ಲಿನ ಗ್ರಂಥಿಗಳನ್ನೂ ಸುಡುತ್ತದೆ. ಕಾಯಿಲೆ ಗುಣವಾದರೂ ಬಾಯಿ ವರ್ಷಗಟ್ಟಲೆ ಒಣಗಿಯೇ ಉಳಿಯಬಹುದು. ಕಿವಿಯ ಮುಂದಿನ ಗ್ರಂಥಿಗೆ ಆದಷ್ಟು ಕಡಿಮೆ ತಾಗುವಂತೆ ಕಿರಣದ ತೀವ್ರತೆಯನ್ನು ಹೊಂದಿಸುವ ವಿಧಾನದಿಂದ ಈ ತೊಂದರೆ ಗಣನೀಯವಾಗಿ ತಗ್ಗುತ್ತದೆ ಎಂದು ಬ್ರಿಟನ್ನಿನ ಅಧ್ಯಯನವೊಂದು 2011ರಲ್ಲಿ ತೋರಿಸಿತು. ವಿಕಿರಣ ಶುರುವಾಗುವ ಮೊದಲೇ ದಂತವೈದ್ಯರನ್ನು ಕಂಡು, ಕೀಳಬೇಕಾದ ಹಲ್ಲು ಕೀಳಿಸಿಕೊಳ್ಳುವುದು ಅತ್ಯಗತ್ಯ. ಆಮೇಲೆ ಕೀಳಿಸಿದರೆ ದವಡೆಯ ಎಲುಬು ಮಾಯದೆ ಉಳಿಯುವ ಭಯವಿದೆ.

ಗ್ರಂಥಿಗಳಲ್ಲಿ ಸ್ವಲ್ಪವಾದರೂ ಜೀವ ಉಳಿದಿದ್ದರೆ ಅಗಿಯುವುದೇ ಒಳ್ಳೆಯ ಉಪಾಯ. ಸಕ್ಕರೆಯಿಲ್ಲದ ಚೂಯಿಂಗ್ ಗಮ್, ಅದು ಬೇಡದವರಿಗೆ ಒಂದೆರಡು ಏಲಕ್ಕಿ ಅಥವಾ ಬಡೇಸೋಂಪು ಸಾಕು. ನಿಂಬೆ, ಹುಣಸೆ ಚೀಪಿದರೆ ನೀರೂರುವುದೇನೋ ನಿಜ, ಆದರೆ ಕಾವಲಿಲ್ಲದ ಹಲ್ಲಿಗೆ ಆ ಹುಳಿ ನೇರವಾಗಿ ತಾಗುತ್ತದೆ. ನೀರನ್ನು ಗಟಗಟ ಕುಡಿಯುವ ಬದಲು ಗುಟುಕು ಗುಟುಕಾಗಿ ತೆಗೆದುಕೊಳ್ಳಬೇಕು. ರೊಟ್ಟಿಯನ್ನು ಸಾರಿನಲ್ಲೋ ಮಜ್ಜಿಗೆಯಲ್ಲೋ ನೆನೆಸಿ ತಿನ್ನಬೇಕು. ಮದ್ಯಸಾರವಿರುವ ಬಾಯಿ ತೊಳೆಯುವ ದ್ರಾವಣ ಬೇಡ, ಅದು ಬಾಯನ್ನು ಇನ್ನಷ್ಟು ಒಣಗಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ಬಹುಮಟ್ಟಿಗೆ ನಿಂತೇ ಹೋಗುವುದರಿಂದ ಮಲಗುವ ಮುಂಚಿನ ಸಿಹಿ ಹಾಲು ಬಿಟ್ಟು, ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿ, ನೊರೆ ಉಗುಳಿ, ನೀರಿನಿಂದ ಮುಕ್ಕಳಿಸದೆ ಮಲಗುವುದು ಲೇಸು. ಪಾವಗಡದಂಥ ಕಡೆಯವರು ಫ್ಲೋರೈಡ್ ಎಂದರೆ ಹೆದರುವುದು ಸಹಜ. ಅಲ್ಲಿ ಕೆಡುಕು ಮಾಡಿದ್ದು ವರ್ಷಗಟ್ಟಲೆ ಕುಡಿದ, ಫ್ಲೋರೈಡ್ ಹೆಚ್ಚಿದ್ದ ಕೊಳವೆಬಾವಿಯ ನೀರು. ದೊಡ್ಡವರು ಉಗುಳಿಬಿಡುವ ಪೇಸ್ಟಿನ ಲೆಕ್ಕ ಬೇರೆ. ಹಲ್ಲುಸೆಟ್ಟು ಇರುವವರು ರಾತ್ರಿ ಅದನ್ನು ತೆಗೆದು ನೀರಿನಲ್ಲಿಡಬೇಕು. ಒಣ ಬಾಯಲ್ಲಿ ಅದರ ಅಡಿಗೆ ಶಿಲೀಂಧ್ರ ಬೇಗ ಬೆಳೆದು ಅಂಗುಳ ಕೆಂಪಾಗಿ ಉರಿಯುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಪೈಲೊಕಾರ್ಪಿನ್ ಎಂಬ ಮಾತ್ರೆಯಿದೆ. ಬ್ರೆಜಿಲ್ಲಿನ ಜಾಬೊರಾಂಡಿ ಎಂಬ ಪೊದೆಯ ಎಲೆ ಅಗಿದರೆ ಜೊಲ್ಲು ಸುರಿಯುತ್ತದೆ, ಬೆವರು ಕಿತ್ತುಬರುತ್ತದೆ ಎಂಬುದು ಅಲ್ಲಿನ ಮೂಲನಿವಾಸಿಗಳಿಗೆ ಮೊದಲೇ ಗೊತ್ತಿತ್ತು. 19ನೇ ಶತಮಾನದಲ್ಲಿ ಆ ಎಲೆಯಿಂದ ಬೇರ್ಪಡಿಸಿದ ರಾಸಾಯನಿಕವೇ ಇದು. ಅದು ಅಸಿಟೈಲ್‌ಕೋಲಿನ್‌ನಂತೆಯೇ ಗ್ರಂಥಿಯನ್ನು ಎಬ್ಬಿಸುತ್ತದೆ. ಆಸ್ತಮಾ ಹತೋಟಿಯಲ್ಲಿಲ್ಲದವರಿಗೆ, ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ ಅದು ಸಲ್ಲದು. ಆದ್ದರಿಂದ ವೈದ್ಯರು ಪರೀಕ್ಷಿಸಿ ಬರೆದುಕೊಟ್ಟ ಮೇಲೆಯೇ ಅದನ್ನು ತೆಗೆದುಕೊಳ್ಳಬೇಕು.